ಕೆಂಪು ಹೆರಾಲ್ಡಿನ ಬೆಲೆ

ಅಮ್ಮ ಬೇಕೆಂದೇ ವ್ಯಾಪಾರ ಕೆಡಿಸುತ್ತಿದ್ದಾಳೆ. ಕೀರ್ತನಾಗೆ ಇನ್ನು ಅನುಮಾನ ಉಳಿದಿರಲಿಲ್ಲ.

ಕಲ್ಯಾಣದುರ್ಗದ ಹೊರಗೆ, ಕುರಿದೊಡ್ಡಿಯ ಪಕ್ಕದ ಹುಣಸೆಮರದ ಕೆಳಗೆ ಒಂದು ಕಲ್ಲುಬೆಂಚು. ಅದರ ಮೇಲೆ ಎದುರುಬದುರಾಗಿ ಅಮ್ಮ ರಾಮಕ್ಕ ಮತ್ತು ಕಾರಿನ ಮಾಲೀಕ ಮುನೆಪ್ಪ. ನಡುವೆ ಇಬ್ಬರ ಬಲಗೈ. ಕೈಗಳ ಮೇಲೆ ಹೊದಿಸಿದ ಟವೆಲ್ಲು. ಆಚೆಗೆ, ನೆರಳಿನಲ್ಲಿ, ಕಾರು.

ಎರಡು ಬಾಗಿಲಿನ ಕೆಂಪು ಹೆರಾಲ್ಡ್. ವಯಸ್ಸಿನಲ್ಲಿ ಅಮ್ಮನ ಜೊತೆಯದು. ಯಾರೋ ಸಾಹುಕಾರ ಕುರಿಮಂದೆಗೆ ಬದಲಾಗಿ ಮುನೆಪ್ಪನಿಗೆ ಕೊಟ್ಟು ಹೋದದ್ದು. ಬಟ್ಟೆಯ ಛಾವಣಿಯನ್ನು ಹಿಂದಕ್ಕೆ ಮಡಚಿದರೆ ತಲೆಯ ಮೇಲೆ ಆಕಾಶ ಬಿಟ್ಟು ಬೇರೇನಿಲ್ಲ. ಡಿಕ್ಕಿಯಲ್ಲಿ ಅಕ್ಕಿಮೂಟೆ ಹಿಡಿಯದು, ಮನೆಮಂದಿಯೆಲ್ಲ ಕೂತು ಮದುವೆಗೆ ಹೋಗಲಾಗದು. ಅದಕ್ಕೇ ಕೀರ್ತನಾಗೆ ಅದು ಬೇಕಿತ್ತು. ಹಿಂದೂಪುರದಲ್ಲಿ ಹಲ್ಲಿನ ಡಾಕ್ಟರಾಗಿ ವಾರವೆಲ್ಲ ಬೇರೆಯವರ ಬಾಯಿಯೊಳಗೆ ಇಣುಕುವ ಹುಡುಗಿಗೆ ಭಾನುವಾರಕ್ಕೊಂದು ಬಯಲು ಬೇಕಿತ್ತು.

ಬೇರೆ ಕಾರುಗಳನ್ನೂ ನೋಡಿದ್ದಳು. ಒಂದು ಸ್ಪೋರ್ಟ್ಸ್ ಕಾರು ಮೊದಲ ಹಂಪಿನ ಮೇಲೆಯೇ ಹೊಟ್ಟೆಯೂರಿ ಕೂತಿತು. ಒಂದು ಹಳೆಯ ಕಾಂಟೆಸ್ಸಾ ಚೆನ್ನಾಗಿತ್ತು, ಆದರೆ ಅದರಲ್ಲಿ ಕೂತರೆ ಯಾರಿಗಾದರೂ ಕೈ ಮುಗಿದು ಓಟು ಕೇಳಬೇಕೆನ್ನಿಸುತ್ತಿತ್ತು. ಹೆರಾಲ್ಡಿನ ಸ್ಟೀರಿಂಗ್ ಹಿಡಿದಾಗ ಮಾತ್ರ ಕಾರಣವಿಲ್ಲದೆ ನಗು ಬಂದಿತ್ತು.

ತೊಡಕು ಮುನೆಪ್ಪನದು. ಸೆಟ್ಟೂರು, ಕುಂದುರ್ಪಿ, ಬೆಳುಗುಪ್ಪ ಸುತ್ತಿ ಕುರಿ ಮಾರಿದ ಮನುಷ್ಯ. ಬೆಲೆಯನ್ನು ಬಾಯಲ್ಲಿ ಹೇಳಿದರೆ ಮಾಲಿಗೆ ದೃಷ್ಟಿಯಾಗುತ್ತದೆ ಎಂದು ನಂಬಿದವನು. ಅವನ ವ್ಯಾಪಾರವೆಲ್ಲ ಟವೆಲ್ಲಿನ ಕೆಳಗೆ. ಎಷ್ಟು ಬೆರಳು ಹಿಡಿದರೆ ಅಷ್ಟು ಬೆಲೆ. ಪಕ್ಕದಲ್ಲಿ ನಿಂತವನಿಗೂ ತಿಳಿಯಬಾರದು. ಕೀರ್ತನಾಗೆ ಆ ವಿದ್ಯೆ ಬಾರದು. ರಾಮಕ್ಕನಿಗೆ ಬರುತ್ತಿತ್ತು. ಗಂಡ ತೀರಿಕೊಂಡ ಮೇಲೆ ರೇಷ್ಮೆ ನೂಲಿನ ಅಂಗಡಿ ನಡೆಸುತ್ತ, ಹಳೇ ದಲ್ಲಾಳಿಗಳಿಗೇ ಬೆವರಿಳಿಸಿದವಳು.

ಆದರೆ ಅವಳಿಗೆ ಕಾರು ಬೇಕಿರಲಿಲ್ಲ. “ಜನರ ಹಲ್ಲು ಕಿತ್ತು ತಂದಿದ್ನ ಈ ತಗಡಿಗೆ ಸುರೀತೀಯಾ?” ಎಂದು ಮೊದಲೇ ರೇಗಿದ್ದಳು. “ಸರಿ, ನಾನೂ ಬತ್ತೀನಿ. ನೀನೊಬ್ಳೇ ಹೋದ್ರೆ ಟೋಪಿ ಹಾಕ್ಬುಡ್ತಾರೆ.”

ಆ ಮೊದಲ ಭಾನುವಾರ ಕೈಗಳು ಟವೆಲ್ಲಿನೊಳಗೆ ಹೋದಷ್ಟೇ ಬೇಗ ಹೊರಬಂದವು. “ಅಬ್ಬೋ, ಆಯಮ್ಮ ಗಟ್ಟಿ ಕಣಮ್ಮ ಡಾಕ್ಟ್ರೇ!” ಎಂದು ಮುನೆಪ್ಪ ಬೆರಳು ಕೊಡವಿದ್ದ. ಕೀರ್ತನಾಗೆ ಭರವಸೆ ಬಂದಿತ್ತು.

ಆಮೇಲೆ ಚೌಕಾಸಿ ವಾರದಿಂದ ವಾರಕ್ಕೆ ಉದ್ದವಾಯಿತು. ಇಬ್ಬರೂ ಕುರಿಯ ಬಗ್ಗೆ ಮಾತಾಡುವರು, ಜರಿಯ ಬಗ್ಗೆ ಮಾತಾಡುವರು, ಮಂಡಿನೋವಿನ ಬಗ್ಗೆಯೂ. ಬೆಲೆಯ ಬಗ್ಗೆ ಮಾತ್ರ ತುಟಿ ಬಿಚ್ಚರು. ಹೊತ್ತು ಇಳಿಯುವಾಗ ರಾಮಕ್ಕ ಸೆರಗು ಸರಿಮಾಡಿಕೊಂಡು ಏಳುವಳು. “ಇನ್ನೂ ಬಗ್ಲಿಲ್ಲ ಕಣಮ್ಮ. ಮುಂದಿನ ವಾರ ನೋಡಾನ.”

“ಫೋನಲ್ಲೇ ಕೇಳಬಾರದಾ ಅಮ್ಮ?”

“ಫೋನಲ್ಲಿ ಬೆರಳು ಹೆಂಗೆ ಹಿಡೀಲೇ?”

ಬಸ್ಸಿಗೆ ಅಮ್ಮನೇ ಮೊದಲು ಸಿದ್ಧಳಾಗುವಳು, ಹೊಸ ಸೀರೆಯುಟ್ಟು. ಹಳೆಯದುಟ್ಟು ಹೋದರೆ ಬೆಲೆ ಇಳಿಯುತ್ತದೆಯಲ್ಲವೇ ಎಂದು ಕೀರ್ತನಾ ಕೇಳಿದ್ದಳು. “ನಿಂಗೆ ಯಾಪಾರ ತಿಳೀದು, ಸುಮ್ಕಿರು” ಎಂಬ ಉತ್ತರ ಬಂದಿತ್ತು. ಬೇಸತ್ತು ಕಾಂಟೆಸ್ಸಾ ಆದರೂ ಸರಿ ಎಂದರೆ ಅದೂ ಬೇಡ. “ಬೆಲೆ ಬಾಯಲ್ಲೇ ಹೇಳ್ಬುಟ್ಟವ್ನೆ ಅಂದ್ರೆ ಅದ್ರಲ್ಲೇನೋ ಐತೆ.”

ಅಂದರೆ ಲೆಕ್ಕ ಸ್ಪಷ್ಟ. ಮಗಳ ಆಸೆ ತಾನಾಗಿ ತಣ್ಣಗಾಗಲೆಂದು ಅಮ್ಮ ಕಾಯುತ್ತಿದ್ದಾಳೆ. ಒಳಗೆ ಯಾರೂ ಒಪ್ಪದಂಥ ಬೆಲೆ ಹಿಡಿದು ಕೂತಿದ್ದಾಳೆ.

ಅಷ್ಟರಲ್ಲಿ ಲಕ್ಷ್ಮೀದೇವಿ ಚಹಾ ತಂದಳು. ಅತ್ತಿಗೆ ತೀರಿಕೊಂಡ ಮೇಲೆ ಅಣ್ಣ ಮುನೆಪ್ಪನ ಮನೆ ನೋಡಿಕೊಳ್ಳುತ್ತಿದ್ದ ತಂಗಿ. ಬೆಂಚನ್ನು ನೋಡಿ ಮೂಗಿನ ಮೇಲೆ ಬೆರಳಿಟ್ಟಳು.

“ಏಮ್ ಬೇರಮೋ ಇದಿ, ಏನು ಚೌಕಾಸಿನೋ! ನಮ್ಮಣ್ಣ ಮಂದೆಗೆ ಮಂದೆ ಮಾರಾಕೂ ಇಷ್ಟು ಹೊತ್ತು ತಗಂಡಿಲ್ಲ.” ಆಮೇಲೆ ಕೀರ್ತನಾ ಕಡೆ ಬಾಗಿ, “ಕಾರು ಕೇಳಾಕೆ ಬೆಂಗಳೂರಿಂದ ಒಬ್ಬ ಬಂದಿದ್ನಲ್ಲಮ್ಮ, ಅವ್ನು ಸಂಜೆಗೆ ಮತ್ತೆ ಬತ್ತಾನಂತೆ. ಈ ಸಲ ದುಡ್ಡು ಹಿಡ್ಕೊಂಡೇ.”

ಕೀರ್ತನಾ ಲೋಟ ಕೆಳಗಿಟ್ಟಳು. “ಹೋದ ಸಲ ಅವನಿಗೆ ಯಾಕೆ ಕೊಡಲಿಲ್ಲ?”

“ಆಯಪ್ಪಂದು ಕೈ ಒರಟಂತೆ” ಎಂದು ಲಕ್ಷ್ಮೀದೇವಿ ನಕ್ಕಳು.

ಈ ಸಲ ಒರಟು ಕೈಯೂ ಗೆದ್ದೀತು. ಸಂಜೆಗೆ ಕೆಂಪು ಕಾರು ಬೆಂಗಳೂರಿನ ದಾರಿ ಹಿಡಿದಿರುತ್ತದೆ; ತಾನು ಪೆನುಕೊಂಡದಲ್ಲಿ ಬಸ್ಸು ಬದಲಿಸುತ್ತಿರಬೇಕು. ಕೀರ್ತನಾ ನೇರ ಬೆಂಚಿನ ಬಳಿ ಹೋಗಿ ನಿಂತಳು.

“ಸಾಕಮ್ಮ. ಇವತ್ತು ನಾನೇ ಮುಗಿಸ್ತೀನಿ.”

ರಾಮಕ್ಕ ಬೆಚ್ಚಿದಳು. “ನಿಂಗೆ ಬೆರಳು ಬರಾಕಿಲ್ಲ ಕಣೇ!”

“ಎಣಿಸೋಕೆ ಬರುತ್ತೆ. ಅವರು ಎಷ್ಟು ಹಿಡಿದಿದ್ದಾರೋ ಅಷ್ಟಕ್ಕೇ ತಗೋತೀನಿ. ಮಾತಿಲ್ಲ.”

“ವದ್ದಮ್ಮಾ, ಬ್ಯಾಡ!” ಮುನೆಪ್ಪನ ದನಿ ಒಡೆಯಿತು. ಸಂತೆಯಲ್ಲಿ ಯಾರಿಗೂ ಅಂಜದ ಮುಖ ಬೆವರಿತ್ತು. “ಕೂತಿರೋ ಯಾಪಾರದಾಗೆ ಮೂರನೇವ್ರು ಕೈ ಹಾಕಬಾರ್ದು. ಪದ್ಧತಿ ಅಲ್ಲ ಅದು.”

“ಪದ್ಧತಿ ಆಮೇಲೆ ನೋಡೋಣ ಮುನೆಪ್ಪನೋರೆ.”

ಅವಳು ಮಂಡಿಯೂರಿ ಟವೆಲ್ಲಿನ ಕೆಳಗೆ ಕೈ ತೂರಿಸಿದಳು.

ಎಣಿಸಲು ಒಂದು ಬೆರಳೂ ಬಿಡುವಾಗಿರಲಿಲ್ಲ. ಅಮ್ಮನ ಐದೂ ಮುನೆಪ್ಪನ ಐದೂ ಒಂದರೊಳಗೊಂದು ಬಿಗಿಯಾಗಿ ಹೆಣೆದುಕೊಂಡಿದ್ದವು.