ಐದನೆಯ ಲಕ್ಷಣ

ಫೋನನ್ನು ಬುಟ್ಟಿಗೆ ಹಾಕಲು ಹರಿನಾಥ ಒಪ್ಪಲಿಲ್ಲ.

"ನಾನು ಸೆಕ್ರೆಟರಿ. ಬ್ಯಾಂಕಿನಿಂದ ಕಾಲ್ ಬಂದರೆ ಎಂತ ಮಾಡುವುದು?"

ಬಾಗಿಲಲ್ಲಿ ನಿಂತಿದ್ದ ಜಯಂತ್ ಬುಟ್ಟಿಯನ್ನು ಹಿಂದೆ ತೆಗೆಯಲಿಲ್ಲ. ಹಣಕಾಸು ವಂಚನೆಗಳ ತನಿಖೆಯಲ್ಲಿ ಇಪ್ಪತ್ತು ವರ್ಷ ಕಳೆದವನು. ಈಗ ಸಹಕಾರಿ ಬ್ಯಾಂಕುಗಳ ನೌಕರರಿಗೆ ಅದನ್ನೇ ಕಲಿಸುತ್ತಿದ್ದ. ಸಂಜೆ ನಾಲ್ಕರವರೆಗೆ ಯಾರಿಗೂ ಫೋನಿಲ್ಲ ಎಂದ. ಹಿಂದಿನಿಂದ ಬಂದ ಸೌದಾಮಿನಿ ತನ್ನ ಫೋನನ್ನು ಸದ್ದಿಲ್ಲದೆ ಬುಟ್ಟಿಯಲ್ಲಿಟ್ಟು ಒಳಗೆ ಹೋದಳು. ತನ್ನ ಬ್ಯಾಂಕಿನ ಗುಮಾಸ್ತೆಯೇ ಇಟ್ಟ ಮೇಲೆ ಬೇರೆ ದಾರಿಯಿರಲಿಲ್ಲ. ಹರಿನಾಥನೂ ಇಟ್ಟ.

ಕಾಸರಗೋಡಿನ ಹೊಸ ಬಸ್ ನಿಲ್ದಾಣದ ಹತ್ತಿರದ ಹೋಟೆಲೊಂದರ ಮೇಲ್ಮಹಡಿ. ಆರು ಬ್ಯಾಂಕುಗಳಿಂದ ಇಬ್ಬಿಬ್ಬರು. ಪ್ರತಿ ಬ್ಯಾಂಕಿನ ಸೆಕ್ರೆಟರಿ, ಜತೆಗೆ ಚಿನ್ನದ ಸಾಲ ನೋಡಿಕೊಳ್ಳುವ ಗುಮಾಸ್ತ. ಹರಿನಾಥ, ಸೌದಾಮಿನಿ ಇಬ್ಬರೂ ಮುಳ್ಳೇರಿಯದಿಂದ ಒಂದೇ ಬಸ್ಸಿನಲ್ಲಿ ಬಂದಿದ್ದರು. ಕೂತದ್ದು ಮಾತ್ರ ಬೇರೆ ಬೇರೆ ಸೀಟಿನಲ್ಲಿ.

ಮೂರು ವಾರಗಳ ಹಿಂದೆ ದಮಯಂತಿ ಎಂಬ ಗ್ರಾಹಕಿ ಅಡವಿಟ್ಟ ಸರವನ್ನು ಬಿಡಿಸಿಕೊಂಡು ಹೋಗಿದ್ದಳು. ಮರುದಿನ ಅಕ್ಕಸಾಲಿಗನನ್ನು ಕರೆದುಕೊಂಡು ವಾಪಸು ಬಂದಳು. ಸರ ಚಿನ್ನದ್ದಾಗಿರಲಿಲ್ಲ. ಒಡವೆ ಬಿಡಿಸುವವರು ಹಿಂದಿನ ದಿನವೇ ಹೇಳಬೇಕೆಂಬುದು ಹರಿನಾಥ ಮಾಡಿದ ನಿಯಮ. ಮಗಳ ಆಸ್ಪತ್ರೆ ಖರ್ಚಿಗೆ ಸರ ಬಿಡಿಸಿ ಮಾರಲು ಓಡಿಬಂದಿದ್ದ ದಮಯಂತಿ ಹೇಳಿರಲಿಲ್ಲ. ಹರಿನಾಥ ಊಟಕ್ಕೆ ಹೋಗಿದ್ದ, ಸೇಫು ತೆರೆದಿತ್ತು. ಸೌದಾಮಿನಿ ಕನಿಕರಪಟ್ಟು ಪೊಟ್ಟಣ ತೆಗೆದುಕೊಟ್ಟಿದ್ದಳು. ನಿಯಮ ಮುರಿದ ಕೈಯೇ ಸರವನ್ನೂ ಬದಲಾಯಿಸಿದೆ ಎಂದು ಹರಿನಾಥ ಆಡಳಿತ ಮಂಡಳಿಗೆ ಬರೆದ.

ಶನಿವಾರ ಮಂಡಳಿಯ ಸಭೆ. ಅಲ್ಲಿ ಅವಳ ಕೆಲಸ ಹೋಗುತ್ತದೆ. ಆಮೇಲೆ ಪೋಲೀಸರು. ಇವತ್ತು ಗುರುವಾರ.

ಒಳಗಿನ ಕಳ್ಳನಿಗೆ ಐದು ಲಕ್ಷಣಗಳಿವೆ ಎಂದು ಜಯಂತ್ ಬಿಳಿ ಹಲಗೆಯ ಮೇಲೆ ಬರೆಯತೊಡಗಿದ. ಮನೆಯಲ್ಲಿ ಹಣದ ಮುಗ್ಗಟ್ಟು. ಸೌದಾಮಿನಿಯ ಅಮ್ಮನಿಗೆ ಮಂಗಳೂರಿನಲ್ಲಿ ಡಯಾಲಿಸಿಸ್ ನಡೆಯುತ್ತಿತ್ತು. ನಿಯಮ ಮೀರುವ ಚಾಳಿ. ಅದು ಮಂಡಳಿಯ ಕಡತದಲ್ಲೇ ಇತ್ತು. ಜತೆಯವರಿಂದ ದೂರ ಇರುವುದು. ಮೂರು ವಾರಗಳಿಂದ ಅವಳು ಒಬ್ಬಳೇ ಉಣ್ಣುತ್ತಿದ್ದಳು. ಕಾರಣವಿಲ್ಲದ ಕಳವಳ. ಅವಳು ಗೋಡೆಯ ಗಡಿಯಾರ ನೋಡಿದಳು, ಅಂಗೈಯನ್ನು ಸೆರಗಿಗೆ ಒರೆಸಿಕೊಂಡಳು, ಮತ್ತೆ ಗಡಿಯಾರ ನೋಡಿದಳು.

ಐದನೆಯದು ಸಂಜೆಗೆ ಎಂದು ಜಯಂತ್ ಪೆನ್ನು ಮುಚ್ಚಿದ.

"ಐದನೆಯದು ಯಾಕೆ ಸರ್? ನಾಲ್ಕೂ ಕುರ್ಚಿ ಹಾಕಿ ಕೂತಿದೆ ಇಲ್ಲಿ," ಎಂದ ಹರಿನಾಥ. ಹಿಂದಿನ ಸಾಲಿನವರು ನಕ್ಕರು.

ಊಟದ ಮೇಲೆ ವಿಚಾರಣೆಯ ಅಭ್ಯಾಸ. ಒಬ್ಬರು ತನಿಖಾಧಿಕಾರಿ, ಒಬ್ಬರು ಆರೋಪಿ. ಜಯಂತ್ ಕೇಳುವ ಮೊದಲೇ ಹರಿನಾಥ ಎದ್ದು ನಿಂತ. ಆರೋಪಿಯನ್ನೂ ಅವನೇ ಆರಿಸಿದ.

"ಪೊಟ್ಟಣದ ಮೇಲೆ ಯಾರ ಸಹಿ ಉಂಟು?"

"ಇಬ್ಬರದ್ದೂ ಉಂಟು ಸರ್."

"ತೆಗೆದುಕೊಟ್ಟದ್ದು?"

"ನಾನು."

"ಈ ವರ್ಷ ಎಷ್ಟು ದಿನ ರಜೆ ಹಾಕಿದ್ದೀರಿ ಮೇಡಂ?"

"ಹದಿನಾಲ್ಕು. ಅಮ್ಮನಿಗೆ ಹುಷಾರಿರಲಿಲ್ಲ."

ಹರಿನಾಥ ಸಭೆಯ ಕಡೆಗೆ ತಿರುಗಿದ. "ಮಗಳ ಮದುವೆಯ ದಿನವೂ ಬೆಳಿಗ್ಗೆ ಹೋಗಿ ಸೇಫು ತೆರೆದುಕೊಟ್ಟು ಆಮೇಲೆ ಮಂಟಪಕ್ಕೆ ಹೋದವ ನಾನು. ಇವರಿಗೆ ತಲೆನೋವು ಬಂದರೂ ರಜೆ. ಇಂಥವರ ಕೈಯಲ್ಲಿ ಊರಿನ ಚಿನ್ನ ಕೊಟ್ಟು ಕೂತಿದ್ದೇವೆ ಮಾರಾಯ್ರೆ."

ಯಾರೋ ಚಪ್ಪಾಳೆ ತಟ್ಟಿದರು. ಸೌದಾಮಿನಿ ನೆಲ ನೋಡುತ್ತಿದ್ದಳು. ಸೇಫಿನ ಎರಡು ಕೀಗಳಲ್ಲಿ ಅವಳ ಪಾಲಿನದು ಈಗ ಯಾರಲ್ಲಿದೆ ಎಂದು ಹರಿನಾಥ ಕೇಳಿದ. ಅಕೌಂಟೆಂಟ್ ವೆಂಕಟಕೃಷ್ಣನಲ್ಲಿ ಕೊಟ್ಟು ಬಂದಿದ್ದೇನೆ ಎಂದಳು.

"ನೋಡಿ. ಕೊಟ್ಟು ಬಂದಿದ್ದಾರೆ." ಅವನು ತನ್ನ ಕಿಸೆ ತಟ್ಟಿದ. ಕೀಗೊಂಚಲು ಸದ್ದು ಮಾಡಿತು. "ನನ್ನದು ಇಲ್ಲಿ ಉಂಟು. ಇದಿಲ್ಲದೆ ಸೇಫಿನೊಳಗೆ ಇರುವೆಯೂ ಹೋಗುವುದಿಲ್ಲ. ಒಡವೆ ಬಿಡಿಸುವವರಿಗೆ ನಾಳೆ ಬನ್ನಿ ಅಂತ ಬೋರ್ಡು ಹಾಕಿಸಿಯೇ ಬಂದದ್ದು."

ಅದು ಕಳೆದುಹೋದರೆ ಏನು ಮಾಡುತ್ತೀರಿ ಎಂದು ಜಯಂತ್ ಕೇಳಿದ. ಇದರದೇ ಇನ್ನೊಂದು ಕೀ ಬೇರೊಂದು ಬ್ಯಾಂಕಿನ ಲಾಕರಿನಲ್ಲಿದೆ, ಅಧ್ಯಕ್ಷರ ಸಹಿಯಿಲ್ಲದೆ ಅದು ಹೊರಗೆ ಬರುವುದಿಲ್ಲ ಎಂದ ಹರಿನಾಥ. ಮತ್ತೆ ಆರೋಪಿಯ ಮೇಲೆ ಬಾಗಿದ.

"ಇಷ್ಟು ಜನರ ಎದುರು ಒಪ್ಪಿಕೊಂಡುಬಿಡಿ. ಶನಿವಾರದ ಮರ್ಯಾದೆಯಾದರೂ ಉಳಿಯುತ್ತದೆ."

ಸೌದಾಮಿನಿ ಮೊದಲ ಬಾರಿ ತಲೆಯೆತ್ತಿದಳು. "ನಾಲ್ಕು ಗಂಟೆಯವರೆಗೆ ಸಮಯ ಉಂಟಲ್ಲ ಸರ್."

ಕೋಣೆ ಗೊಳ್ಳೆಂದು ನಕ್ಕಿತು. ಜಯಂತ್ ನಗಲಿಲ್ಲ.

ನಾಲ್ಕಕ್ಕೆ ಬುಟ್ಟಿ ಬಂತು. ಹರಿನಾಥನ ಫೋನಿನಲ್ಲಿ ಅವನು ಎತ್ತದ ಇಪ್ಪತ್ತಮೂರು ಕರೆಗಳಿದ್ದವು. ಎಲ್ಲವೂ ವೆಂಕಟಕೃಷ್ಣನವು. ಮೊದಲನೆಯದು ಬೆಳಿಗ್ಗೆ ಹತ್ತೂವರೆಗೆ. ಅವನು ಬಾಗಿಲ ಕಡೆ ಹೊರಟ. ಸರ್ಟಿಫಿಕೇಟ್ ಬಿಟ್ಟು ಹೋಗಬೇಡಿ ಎಂದು ಜಯಂತ್ ಒಂದೊಂದೇ ಲಕೋಟೆ ಹಂಚಿದ. ಹರಿನಾಥನದು ಉಳಿದವರದಕ್ಕಿಂತ ದಪ್ಪವಿತ್ತು.

ಆಮೇಲೆ ಜಯಂತ್ ಹಲಗೆಯ ಮೇಲೆ ಐದನೆಯ ಲಕ್ಷಣ ಬರೆದ: ಒಂದು ದಿನವೂ ರಜೆ ಹಾಕುವುದಿಲ್ಲ.

ಲಕೋಟೆಯಲ್ಲಿ ಮೊದಲು ಅಧ್ಯಕ್ಷರ ಸಹಿಯಿದ್ದ ಅಮಾನತು ಆದೇಶ. ಅದರ ಕೆಳಗೆ, ಲಾಕರಿನ ಕೀ ತರಿಸಿ ಇವತ್ತು ಬೆಳಿಗ್ಗೆ ತೆರೆದ ಸೇಫಿನಲ್ಲಿ ಸಿಕ್ಕಿದ ನಲವತ್ತೊಂದು ನಕಲಿ ಒಡವೆಗಳ ಪಟ್ಟಿ. ಕೊನೆಗೆ ಅಧ್ಯಕ್ಷರಿಗೆ ಬರೆದ ಒಂದು ದೂರಿನ ಪ್ರತಿ, ಸೌದಾಮಿನಿಯ ದುಂಡು ಅಕ್ಷರದಲ್ಲಿ. ಹಿಂದಿನ ದಿನವೇ ಹೇಳಬೇಕೆಂಬ ನಿಯಮ ಬಂದದ್ದು ಈ ಸೆಕ್ರೆಟರಿ ಬಂದ ಮೇಲೆ; ಬೇರೆಡೆ ಅಡವಿಡಲು ಒಯ್ದ ಒಡವೆಯನ್ನು ವಾಪಸು ತಂದಿಡಲು ಅವರಿಗೆ ಆ ಒಂದು ದಿನ ಬೇಕು; ಅವರು ಎದುರಿದ್ದರೆ ತಪಾಸಣೆಯವರ ಕೈಗೆ ಅವರು ಆರಿಸಿಕೊಟ್ಟ ಅಸಲಿ ಒಡವೆಯ ಪೊಟ್ಟಣಗಳೇ ಸಿಗುತ್ತವೆ.

ಹರಿನಾಥ ತಲೆಯೆತ್ತಿದಾಗ ಬಾಗಿಲಲ್ಲಿ ಇಬ್ಬರು ಪೋಲೀಸರಿದ್ದರು. ಜಯಂತ್ ಹಲಗೆ ಒರೆಸುತ್ತಿದ್ದ.

"ಒಂಬತ್ತು ವರ್ಷದಲ್ಲಿ ಒಂದು ದಿನ ನಿಮ್ಮನ್ನು ಬ್ಯಾಂಕಿನಿಂದ ಹೊರಗೆ ತರಲಿಕ್ಕೆ," ಎಂದ, "ಇಷ್ಟು ಜನರಿಗೆ ಊಟ ಹಾಕಿ ಪಾಠ ಮಾಡಬೇಕಾಯಿತು ಮಾರಾಯ್ರೆ."