ಹದಿನೇಳು ಸಲ

"ಇವರು ತೀರಿಹೋಗಿ ವರ್ಷ ಆಯ್ತು ಮೇಸ್ತ್ರಿ. ಆದ್ರೂ ದಿನಾ ಬೆಳಿಗ್ಗೆ ಆರಕ್ಕೆ ಕಕ್ಕಸಿಗೆ ನೀರು ಬಿಡುವ ಕೈಪಂಪು ತನ್ನಷ್ಟಕ್ಕೇ ಹದಿನೇಳು ಸಲ ಕಿರ್ ಅಂತದೆ. ಇವರೂ ಎಣಿಸಿ ಅಷ್ಟೇ ಸಲ ಒತ್ತುತ್ತಿದ್ದದ್ದು. ಈ ಸದ್ದು ನಿಲ್ಲದಿದ್ರೆ ದೋಣಿ ಮಾರಿಯೇ ಬಿಡ್ತೇನೆ."

ಆ ಹಾಯಿದೋಣಿಯೇ ಅವಳ ಮನೆ.

"ಅದು ತುಕ್ಕು ಅಕ್ಕ, ದೆವ್ವ ಅಲ್ಲ!" ಮೇಸ್ತ್ರಿ ನಕ್ಕ. ಸಂಜೆಯೊಳಗೆ ಹಳೇ ಕಮೋಡು, ಕೊಳೆ ತುಂಬುವ ಟ್ಯಾಂಕು, ಪೈಪು ಎಲ್ಲ ಕಿತ್ತು ಹೊಸದನ್ನು ಕೂರಿಸಿದ. "ಇದು ಕರೆಂಟಿಂದು, ಸ್ವಿಚ್ಚು ಒತ್ತಿದ್ರೆ ಸಾಕು. ಹಿಡಿಯೇ ಇಲ್ಲದ ಮೇಲೆ ಎಂತ ಕಿರ್?"

ಮರುದಿನ ಆರಕ್ಕೆ ಅವಳು ಕಿವಿಗೊಟ್ಟು ಕೂತಳು. ಸದ್ದಿಲ್ಲ. ವರ್ಷದಲ್ಲಿ ಮೊದಲ ಸಲ ನಿರಾಳವಾಗಿ ಚಹಾಕ್ಕೆ ನೀರಿಟ್ಟಳು.

ಮುಚ್ಚಿದ್ದ ಕಕ್ಕಸಿನ ಬಾಗಿಲ ಹಿಂದಿನಿಂದ ಗಂಡನ ದನಿ ಕೇಳಿತು: "ಪಂಪಿನ ಹಿಡಿ ಎಲ್ಲಿಟ್ಟೆ ಮಾರಾಯ್ತಿ?"