ನಾಲ್ಕನೆಯ ಸ್ಪೀಕರು

ಮೂವತ್ತು ವರ್ಷ ಮದುವೆಮನೆಗಳಲ್ಲಿ ಗಿಟಾರು ನುಡಿಸಿದ ಪಾಸ್ಕಲರ ಆಂಪ್ಲಿಫಯರಿನ ಸ್ಪೀಕರು ಕೊನೆಗೂ ಹರಿದುಹೋಗಿತ್ತು. ಹೊಸದು ಸಿಗದಿದ್ದರೆ ಭಾನುವಾರದ ಮದುವೆಗೆ ಗಿಟಾರೇ ಬೇಡ, ಕೀಬೋರ್ಡಿನ ಹುಡುಗನೇ ಸಾಕು ಎಂದು ಬ್ಯಾಂಡಿನವರು ಹೇಳಿಯಾಗಿತ್ತು. ಬೆಳಗಿನಿಂದ ಸ್ಪೀಕರು ಮಾರುವ ಅಂಗಡಿಯ ಸ್ಟೂಲಿನ ಮೇಲೆ ಕೂತು ಪಾಸ್ಕಲರ ಸೊಂಟ ಬಿದ್ದುಹೋಗಿತ್ತು.

“ಇದು ಹೇಗುಂಟು?” ಆಂಪ್ಲಿಫಯರಿನ ಪೆಟ್ಟಿಗೆಗೆ ಮೊದಲನೆಯ ಸ್ಪೀಕರು ಕೂರಿಸಿ ಅಂಗಡಿಯ ಸದಾನಂದ ಕೇಳಿದ.

“ಒಗ್ಗರಣೆ ಸಿಡಿದ ಹಾಗೆ ಉಂಟು.”

ಸದಾನಂದ ಅದನ್ನು ಬಿಚ್ಚಿ ಎರಡನೆಯದನ್ನು ಕೂರಿಸಿದ.

“ಇದು ಕಂಬಳಿ ಹೊದ್ದುಕೊಂಡು ಮಾತಾಡಿದ ಹಾಗೆ.”

ಮೂರನೆಯದು ಹೊರದೇಶದ್ದು, ಅಂಗಡಿಯಲ್ಲೇ ದುಬಾರಿಯದು. ಪಾಸ್ಕಲ್ ತಲೆಯಾಡಿಸಿದರು. “ಸ್ವರ ಎಲ್ಲ ಉಂಟು ಮಾರಾಯ್ರೆ, ಜೀವ ಇಲ್ಲ.”

“ಜೀವ ಈಗ ನನ್ನಲ್ಲೂ ಇಲ್ಲ. ಊಟ ಸಹ ಆಗಲಿಲ್ಲ.” ಸದಾನಂದ ನಾಲ್ಕನೆಯದನ್ನು ಎತ್ತಿಕೊಂಡು ಪೆಟ್ಟಿಗೆಯ ಹಿಂದೆ ಕುಕ್ಕರುಗಾಲಲ್ಲಿ ಕೂತ. “ಇದೇ ಕೊನೆಯದು. ಇದೂ ಆಗದಿದ್ದರೆ ನೀವು ಕೀಬೋರ್ಡು ಕಲಿಯುವುದೇ ಒಳ್ಳೆಯದು.”

ಪಾಸ್ಕಲ್ ಗಿಟಾರನ್ನು ತೊಡೆಯ ಮೇಲೆ ಸರಿಮಾಡಿಕೊಂಡರು. ಕಣ್ಣು ಮುಚ್ಚಿ ತಂತಿ ಮೀಟಿದರು. ಬೆರಳುಗಳು ತಾವಾಗಿಯೇ ಹಳೆಯ ಕುಣಿತದ ಹಾಡೊಂದನ್ನು ಹಿಡಿದವು. ಒಂದು ಸಾಲು ಮುಗಿಯಿತು, ಎರಡನೆಯದೂ ಮುಗಿಯಿತು. ಅದೇ ನಾದ. ಮೆತ್ತಗೆ, ಬೆಚ್ಚಗೆ, ಎಲ್ಲೂ ಗಂಟಲು ಏರಿಸದೆ, ತಾನು ನುಡಿಸಿದ ಮೊದಲ ಮದುವೆಯಲ್ಲಿ ಕೇಳಿದ ಹಾಗೆಯೇ ಇತ್ತು. ಅವರ ಕಣ್ಣಂಚು ಒದ್ದೆಯಾಯಿತು.

“ಇದೇ ಸದಾನಂದಣ್ಣ! ನಾನು ಹುಡುಕಿದ್ದು ಇದನ್ನೇ. ಬಿಲ್ ಮಾಡಿ.”

ಪೆಟ್ಟಿಗೆಯ ಹಿಂದಿನಿಂದ ಸದಾನಂದ ತಲೆ ಎತ್ತಿದ.

“ಸ್ವಲ್ಪ ತಾಳಿ ಮಾರಾಯ್ರೆ, ಸ್ಪೀಕರಿಗೆ ಇನ್ನೂ ವಯರೇ ಕೊಡಲಿಲ್ಲ.”